ಫ್ರಿಜ್ ಬಾಗಿಲ ಮೇಲಿನ ವೇಳಾಪಟ್ಟಿ: ಜರ್ಮನಿಯ ಓ ಪೇರ್ ವರ್ಷದ ಬಗ್ಗೆ ನನ್ನ ವಿಮರ್ಶೆ

ನಾನು ಓ ಪೇರ್ ಆಗಿ, ಅಂದರೆ ಮನೆಯೊಂದರಲ್ಲಿ ಇದ್ದು ಮಕ್ಕಳನ್ನು ನೋಡಿಕೊಳ್ಳುತ್ತ ಭಾಷೆ ಕಲಿಯಲು, ಜರ್ಮನಿಗೆ ಹೋದವಳು ಎಂದು ಗೊತ್ತಾದ ಮೇಲೆ ನಮ್ಮ ಕಡೆಯ ಹುಡುಗಿಯರು ಕೇಳುವುದು ಎರಡೇ ಪ್ರಶ್ನೆ. "ಅಕ್ಕಾರ, ಸೇಫ್ ಐತೇನ್ರಿ?" ಮತ್ತು "ತಿಂಗಳಿಗೆ ಎಷ್ಟು ಉಳೀತದ?" ಎರಡೂ ನ್ಯಾಯವಾದ ಪ್ರಶ್ನೆಗಳೇ. ಆದರೆ ಒಂದು ಸಾಲಿನಲ್ಲಿ ಉತ್ತರ ಕೊಟ್ಟರೆ ಕೇಳಿದವರಿಗೆ ಮೋಸ ಮಾಡಿದ ಹಾಗಾಗುತ್ತದೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಇಡೀ ವ್ಯವಸ್ಥೆಗೆ ನಾನು ಕೊಡುವುದು ಐದಕ್ಕೆ ನಾಲ್ಕು. ನಾನಿದ್ದ ಮನೆಗೆ ನಾಲ್ಕೂವರೆ, ಏಜೆನ್ಸಿಗೆ ಮೂರು, ಭಾಷೆಯ ಕ್ಲಾಸಿಗೆ ಐದಕ್ಕೆ ಐದು. ಈ ಅಂಕಗಳನ್ನು ಮರೆತರೂ ಚಿಂತೆಯಿಲ್ಲ, ಒಂದು ಮಾತು ಮಾತ್ರ ನೆನಪಿರಲಿ: ವಾರದ ವೇಳಾಪಟ್ಟಿಯನ್ನು ಗಂಟೆ ಸಮೇತ ಬರೆದು ಕೊಡದ ಮನೆಯ ಕರಾರಿಗೆ ಸಹಿ ಹಾಕಬೇಡಿ. ಆ ಮನೆಯವರು ಎಷ್ಟೇ ನಗುಮುಖದವರಾಗಿರಲಿ.

ನಾನು ರಾಣೇಬೆನ್ನೂರಿನವಳು. ಬಿ.ಕಾಂ. ಮುಗಿಸಿ ಬೀಜದ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದೆ. ಹೋಗುತ್ತೇನೆ ಎಂದಾಗ ಮನೆಯಲ್ಲಿ ಎದ್ದ ಮೊದಲ ಮಾತು, "ಡಿಗ್ರಿ ಓದಿ ಮಂದಿ ಮನ್ಯಾಗ ಮುಸುರಿ ತಿಕ್ಕಾಕ ಹೋಗ್ತಿಯೇನವ್ವಾ?" ಹೇಳಿದ್ದು ನಮ್ಮ ದೊಡ್ಡಪ್ಪ. ಅವರ ಮೇಲೆ ನನಗೆ ಸಿಟ್ಟಿಲ್ಲ. ಗಲ್ಫ್ ದೇಶಗಳಿಗೆ ಮನೆಗೆಲಸಕ್ಕೆ ಹೋಗಿ ಪಾಸ್‌ಪೋರ್ಟ್ ಕಿತ್ತುಕೊಳ್ಳಿಸಿಕೊಂಡವರ ಕಥೆ ಕೇಳಿದವರಿಗೆ ಹೀಗೆ ಅನಿಸುವುದು ಸಹಜ. ಆದ್ದರಿಂದ ಓ ಪೇರ್ ಎಂದರೆ ಕಾಗದದ ಮೇಲೆ ಏನು ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ದೊಡ್ಡಪ್ಪನಿಗೂ ಹೀಗೇ ಹೇಳಿದ್ದು.

ಮಕ್ಕಳಿರುವ ಮನೆಯಲ್ಲಿ ಮನೆಯವರಲ್ಲಿ ಒಬ್ಬಳಾಗಿ ಇದ್ದು, ಮಕ್ಕಳನ್ನು ನೋಡಿಕೊಂಡು, ಹಗುರವಾದ ಮನೆಗೆಲಸಕ್ಕೆ ಕೈಜೋಡಿಸಿ, ಆ ದೇಶದ ಭಾಷೆ ಕಲಿಯುವ ಏರ್ಪಾಡು ಇದು. ಯುರೋಪಿನ ದೇಶಗಳು 1969ರಲ್ಲೇ ಸ್ಟ್ರಾಸ್‌ಬರ್ಗ್‌ನಲ್ಲಿ ಇದಕ್ಕೊಂದು ಒಪ್ಪಂದ ರೂಪಿಸಿದವು. ಜರ್ಮನಿಯಲ್ಲಿ ಈಗಿರುವ ನಿಯಮದ ಪ್ರಕಾರ ವೀಸಾ ಅರ್ಜಿ ಕೊಡುವಾಗ 18 ತುಂಬಿರಬೇಕು, 27 ತುಂಬಿರಬಾರದು. ಕನಿಷ್ಠ ಆರು ತಿಂಗಳು, ಹೆಚ್ಚೆಂದರೆ ಒಂದು ವರ್ಷ, ಎರಡನೇ ಸಲ ಅವಕಾಶವಿಲ್ಲ. ಕೆಲಸ ದಿನಕ್ಕೆ ಆರು ಗಂಟೆ ಮತ್ತು ವಾರಕ್ಕೆ 30 ಗಂಟೆ ಮೀರುವಂತಿಲ್ಲ. ಅಪ್ಪ-ಅಮ್ಮ ಹೊರಗೆ ಹೋದ ರಾತ್ರಿ ಮಲಗಿರುವ ಮಕ್ಕಳಿಗೆ ಕಾವಲು ಕೂತರೂ ಅದು ಈ 30ರಲ್ಲೇ ಸೇರಬೇಕು. ವಾರದಲ್ಲಿ ಒಂದೂವರೆ ದಿನ ಮತ್ತು ನಾಲ್ಕು ಸಂಜೆ ಬಿಡುವು, ತಿಂಗಳಿಗೆ ಒಂದು ಭಾನುವಾರವಾದರೂ ಪೂರ್ತಿ ನಮ್ಮದು, ವರ್ಷಕ್ಕೆ ನಾಲ್ಕು ವಾರ ರಜೆ. ಊಟ ಮತ್ತು ವಿಮೆ ಅವರದು, ಕೋಣೆಯೂ ಅವರದೇ. ಆ ಕೋಣೆ ಕನಿಷ್ಠ 8 ಚದರ ಮೀಟರ್ ಇರಬೇಕು, ಅದಕ್ಕೆ ಕಿಟಕಿ, ಹೀಟರ್ ಇರಬೇಕು. ಕೈಗೆ ತಿಂಗಳಿಗೆ 280 ಯೂರೊ, ಭಾಷೆಯ ಕ್ಲಾಸಿಗೆಂದು ಬೇರೆಯಾಗಿ 70 ಯೂರೊ. ಮನೆಯ ಅಜ್ಜ-ಅಜ್ಜಿಯರ ಆರೈಕೆ ಮಾಡಿಸುವಂತಿಲ್ಲ. ಪಾಸ್‌ಪೋರ್ಟ್ ಸದಾ ನಿಮ್ಮ ಕೈಯಲ್ಲೇ ಇರುತ್ತದೆ.

280 ಯೂರೊ ಎಂದರೆ ನಮ್ಮ 28 ಸಾವಿರ ರೂಪಾಯಿಯ ಆಸುಪಾಸು. ಇದು ಸಂಬಳವಲ್ಲ, ಕೈಖರ್ಚು. ಮನೆಗೆ ದುಡ್ಡು ಕಳಿಸಬೇಕು, ಸಾಲ ತೀರಿಸಬೇಕು ಎನ್ನುವವರು ದಯವಿಟ್ಟು ಈ ದಾರಿ ಹಿಡಿಯಬೇಡಿ. ಸಾಲ ಮಾಡಿ ಹೊರಟವರು ಮನೆ ಸರಿಯಿಲ್ಲದಿದ್ದರೂ ಬಾಯಿ ಬಿಡದೆ ಉಳಿಯುತ್ತಾರೆ. ಈ ವ್ಯವಸ್ಥೆಯಲ್ಲಿ ನಾನು ಕಂಡ ದೊಡ್ಡ ಅಪಾಯ ಅದೇ.

ಸಾಲ ಎಲ್ಲಿಂದ ಶುರುವಾಗುತ್ತದೆ ಗೊತ್ತೇ? ಇಲ್ಲಿಯ ಏಜೆಂಟರಿಂದ. ಬೆಂಗಳೂರಿನ ಒಂದು ಕನ್ಸಲ್ಟೆನ್ಸಿ ನನಗೆ ಹೇಳಿದ "ಪ್ಯಾಕೇಜ್" ಒಂದು ಲಕ್ಷ ಎಂಬತ್ತು ಸಾವಿರ, ವಿಮಾನದ ಟಿಕೆಟ್ ಬೇರೆ. ಪ್ರೊಫೈಲ್ ಮೇಕಿಂಗ್, ಇಂಟರ್‌ವ್ಯೂ ಟ್ರೇನಿಂಗ್, ಡಾಕ್ಯುಮೆಂಟೇಶನ್ ಎಂದು ಬಿಡಿಬಿಡಿಯಾಗಿ ಬಿಲ್ಲು ಹಾಕಿದ್ದರು. ಲೆಕ್ಕ ಬರೆಯುವುದೇ ನನ್ನ ಕೆಲಸವಾಗಿತ್ತಲ್ಲ, ಪ್ರತಿ ಸಾಲನ್ನೂ ಬಿಡಿಸಿ ಕೇಳಿದೆ. ಉತ್ತರ ಬರಲಿಲ್ಲ, ಎದ್ದುಬಂದೆ. ಜರ್ಮನಿಯಲ್ಲಿರುವ ಏಜೆನ್ಸಿಗಳು ಓ ಪೇರ್ ಕಡೆಯಿಂದ 150 ಯೂರೊಗಿಂತ ಹೆಚ್ಚು ತೆಗೆದುಕೊಳ್ಳುವಂತಿಲ್ಲ, ಅಲ್ಲಿಯ ಕಾನೂನೇ ಹಾಗಿದೆ. ಎಷ್ಟೋ ಏಜೆನ್ಸಿಗಳು ಅದನ್ನೂ ಕೇಳುವುದಿಲ್ಲ, ಏಕೆಂದರೆ ಅವರ ಶುಲ್ಕ ಬರುವುದು ಕುಟುಂಬದಿಂದ. ಔಪೇರ್‌ವರ್ಲ್ಡ್‌ನಂಥ ಜಾಲತಾಣದಲ್ಲಿ ನೇರವಾಗಿ ಮನೆ ಹುಡುಕುವುದಾದರೆ ಓ ಪೇರ್‌ಗಳು ದುಡ್ಡು ಕೊಡಬೇಕಿಲ್ಲ.

ನಾನು ಹೋದದ್ದು ದಕ್ಷಿಣ ಜರ್ಮನಿಯ ಒಂದು ಸಣ್ಣ ಏಜೆನ್ಸಿ ಮೂಲಕ. ರಾಲ್ ಎಂಬ ಗುಣಮಟ್ಟದ ಮುದ್ರೆ ಇರುವ ಏಜೆನ್ಸಿಗಳ ಪಟ್ಟಿಯಿಂದಲೇ ಆರಿಸಿಕೊಂಡೆ. ಹೆಸರು ಬರೆಯುವುದಿಲ್ಲ, ಏಕೆಂದರೆ ಏಜೆನ್ಸಿಯ ಹೆಸರಿಗಿಂತ ಅಲ್ಲಿ ನಮ್ಮ ಫೈಲು ನೋಡುವವರು ಯಾರು ಎಂಬುದು ಮುಖ್ಯ. ನನ್ನ ಫೈಲು ನೋಡುತ್ತಿದ್ದ ಮೇಡಂ ಮೊದಮೊದಲು ಬಹಳ ಚುರುಕು. ಅಕ್ಕನ ಮಕ್ಕಳನ್ನು ನೋಡಿಕೊಂಡ ಅನುಭವವನ್ನು ಅವರು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಹೊರಗಿನ ಮಕ್ಕಳನ್ನು ನೋಡಿಕೊಂಡದ್ದಕ್ಕೆ ಪತ್ರ ಬೇಕು ಎಂದರು. ನಮ್ಮ ಓಣಿಯ ಬಾಲವಾಡಿಯಲ್ಲಿ ಬೇಸಿಗೆಯಿಡೀ ಕೆಲಸ ಮಾಡಿ ಪತ್ರ ತಂದುಕೊಟ್ಟೆ. ಅಲ್ಲಿಯವರೆಗೆ ಅವರಿಗೆ ಐದಕ್ಕೆ ಐದು. ಆದರೆ ಜರ್ಮನಿ ಮುಟ್ಟಿದ ಮೇಲೆ ಮೇಲ್‌ಗೆ ಉತ್ತರ ಬರುವುದು ನಿಧಾನವಾಯಿತು. ಹೊಸ ದೇಶದಲ್ಲಿ ಮೊದಲ ತಿಂಗಳೇ ಕೈಹಿಡಿಯುವವರು ಬೇಕಾಗುವುದು. ಎರಡು ಅಂಕ ಕಳೆದದ್ದು ಅದಕ್ಕೆ.

ಇನ್ನೊಂದು ಎಚ್ಚರಿಕೆ. "ಲಂಡನ್‌ನಲ್ಲಿ ಓ ಪೇರ್ ಬೇಕು, ಸಾವಿರ ಪೌಂಡ್ ಕೊಡುತ್ತೇವೆ, ವೀಸಾ ಖರ್ಚಿಗೆ ಲಾಯರ್ ಖಾತೆಗೆ ಹಣ ಹಾಕಿ" ಎಂಬ ಸಂದೇಶ ಬಂದರೆ ಅಲ್ಲೇ ಬ್ಲಾಕ್ ಮಾಡಿ. ಬ್ರಿಟನ್ ಓ ಪೇರ್ ವೀಸಾವನ್ನು 2008ರಲ್ಲೇ ನಿಲ್ಲಿಸಿದೆ. ಯಾವ ದೇಶದ್ದೇ ಆಗಲಿ, ಮುಖ ತೋರಿಸದೆ ಹಣ ಕೇಳುವ ಕುಟುಂಬ ಕುಟುಂಬವೇ ಅಲ್ಲ.

ಭಾಷೆಯ ಪರೀಕ್ಷೆಗೆ ನಾನು ಬೆಂಗಳೂರಿನ ಇಂದಿರಾನಗರದಲ್ಲಿರುವ ಮ್ಯಾಕ್ಸ್ ಮುಲ್ಲರ್ ಭವನಕ್ಕೆ ಹೋದೆ. ಗೊಯ್ಟೆ ಇನ್‌ಸ್ಟಿಟ್ಯೂಟ್ ಎಂದರೂ ಅದೇ. ಭಾಷೆಯ ಹಂತಗಳು ಎ1, ಎ2, ಬಿ1, ಬಿ2 ಎಂದು ಏರುತ್ತ ಹೋಗುತ್ತವೆ. ಮೊದಲ ಹಂತವಾದ ಎ1 ಪರೀಕ್ಷೆಯಲ್ಲಿ ಕೇಳುವುದು, ಓದುವುದು, ಬರೆಯುವುದು, ಮಾತಾಡುವುದು ಎಂದು ನಾಲ್ಕು ಭಾಗ, 100ಕ್ಕೆ 60 ಬಂದರೆ ಪಾಸು. ಪಾಸಾಗುವಷ್ಟಕ್ಕೇ ನಿಲ್ಲಿಸಬೇಡಿ. ವೀಸಾ ಸಂದರ್ಶನದಲ್ಲಿ ನನ್ನನ್ನು ಜರ್ಮನ್‌ನಲ್ಲೇ ಮಾತಾಡಿಸಿದರು: ಮನೆಯಲ್ಲಿ ಎಷ್ಟು ಮಕ್ಕಳು, ಅವರಿಗೆ ಎಷ್ಟು ವಯಸ್ಸು, ಯಾಕೆ ಹೋಗುತ್ತೀ, ವರ್ಷ ಮುಗಿದ ಮೇಲೆ ಏನು. ಬಾಯಿಪಾಠ ಒಪ್ಪಿಸಿದರೆ ಎರಡನೇ ಪ್ರಶ್ನೆಗೇ ಸಿಕ್ಕಿಬೀಳುತ್ತೀರಿ. ವೀಸಾ ಶುಲ್ಕ 75 ಯೂರೊ. ಉಳಿದ ಕಾಗದಪತ್ರದ ಓಡಾಟ ಎಲ್ಲ ವೀಸಾಗಳಿಗೂ ಇರುವಂಥದ್ದೇ.

ಈಗ ಮನೆ ಆರಿಸುವ ವಿಚಾರ. ವಿಡಿಯೊ ಕಾಲ್‌ನಲ್ಲಿ ಎಲ್ಲ ಮನೆಗಳೂ ಚೆಂದವೇ. ಮಕ್ಕಳು ಕೈಬೀಸುತ್ತವೆ, ನಾಯಿ ಬಂದು ಮೂಸುತ್ತದೆ, ಹಿತ್ತಿಲ ಸೇಬಿನ ಗಿಡ ತೋರಿಸುತ್ತಾರೆ. ನಾನು ಮಾತಾಡಿದ ಒಂದು ಮನೆಯವರು "ನಾವು ಗಂಟೆ ಲೆಕ್ಕ ಇಡುವವರಲ್ಲ, ನೀನು ನಮ್ಮ ಮಗಳ ಹಾಗೆ" ಎಂದರು. ನಮ್ಮ ಕಿವಿಗೆ ಇದಕ್ಕಿಂತ ಹಿತವಾದ ಮಾತು ಯಾವುದಿದೆ? ಆದರೆ ಅವರಿಗೆ ನಾಲ್ಕು ಮಕ್ಕಳು, ಗಂಡ-ಹೆಂಡತಿ ಇಬ್ಬರಿಗೂ ಆಸ್ಪತ್ರೆಯಲ್ಲಿ ಪಾಳಿ ಕೆಲಸ. ಗಂಟೆ ಲೆಕ್ಕ ಇಡದಿದ್ದರೆ ಆ ಮನೆಯಲ್ಲಿ ಮಗಳಾದವಳು ಯಾವಾಗ ಮಲಗಬೇಕು? ವಿನಯದಿಂದಲೇ ಬೇಡವೆಂದೆ. ನಾನು ಒಪ್ಪಿದ ಮನೆಯಾಕೆ ಎರಡನೇ ಕಾಲ್‌ನಲ್ಲೇ ಒಂದು ಹಾಳೆ ತೋರಿಸಿದರು. ಸೋಮವಾರದಿಂದ ಭಾನುವಾರದವರೆಗೆ ಏಳು ಕಂಬ, ಬೆಳಗಿನ ಆರೂವರೆಯಿಂದ ರಾತ್ರಿಯವರೆಗೆ ಚೌಕಗಳು, ನನ್ನ ಗಂಟೆಗಳಿಗೆ ಹಸಿರು ಬಣ್ಣ. ಹಿಂದಿನ ಓ ಪೇರ್ ಹುಡುಗಿಯ ನಂಬರನ್ನು ಕೇಳುವ ಮೊದಲೇ ಕೊಟ್ಟು, "ಅವಳ ಹತ್ತಿರ ನಮ್ಮ ಬಗ್ಗೆ ವಿಚಾರಿಸು, ನಾವು ಇಲ್ಲದಾಗ ಮಾತಾಡು" ಎಂದರು. ಮಡಗಾಸ್ಕರ್‌ನ ಆ ಹುಡುಗಿ ಹೇಳಿದ್ದು: "ಮನೆ ಒಳ್ಳೆಯದು. ತಂದೆ ಊರಲ್ಲಿಲ್ಲದ ವಾರ ಮಾತ್ರ ಲೆಕ್ಕ ತಪ್ಪುತ್ತದೆ, ಆಗ ಸುಮ್ಮನಿರಬೇಡ." ಇಷ್ಟು ಖಚಿತವಾದ ಮಾಹಿತಿ ಯಾವ ಏಜೆನ್ಸಿಯೂ ಕೊಡುವುದಿಲ್ಲ.

ಮನೆ ಇದ್ದದ್ದು ಟ್ಯೂಬಿಂಗೆನ್ ಮತ್ತು ಹೆರೆನ್‌ಬರ್ಗ್ ನಡುವೆ ಅಮ್ಮರ್ ಎಂಬ ಸಣ್ಣ ಹೊಳೆಯ ಕಣಿವೆಯ ಒಂದು ಹಳ್ಳಿಯಲ್ಲಿ. ಹಳ್ಳಿ ಎಂದರೂ ರೈಲಿದೆ. ಮನೆಯವರು ನನಗೆ ಡಾಯ್ಚ್‌ಲ್ಯಾಂಡ್ ಟಿಕೆಟ್ ಮಾಡಿಸಿಕೊಟ್ಟರು. 2025ರಲ್ಲಿ ಅದಕ್ಕೆ ತಿಂಗಳಿಗೆ 58 ಯೂರೊ, ದೇಶದ ಎಲ್ಲ ಸಿಟಿ ಬಸ್ಸು ಮತ್ತು ಪ್ರಾದೇಶಿಕ ರೈಲಿಗೆ ನಡೆಯುತ್ತದೆ. ಊರಿನಿಂದ ಹೊರಗಿರುವ ಮನೆ ಒಪ್ಪುವ ಮುಂಚೆ ರಾತ್ರಿ ಕೊನೆಯ ರೈಲು ಎಷ್ಟಕ್ಕೆ ಎಂದು ಕೇಳಿ. ಬಿಡುವಿನ ಸಂಜೆ ಸಿಕ್ಕರೂ ಹೋಗಿಬರಲು ದಾರಿಯಿಲ್ಲದಿದ್ದರೆ ಆ ಬಿಡುವು ಕೋಣೆಯಲ್ಲೇ ಕಳೆಯುತ್ತದೆ. ನನ್ನ ಕೋಣೆ ಮಾಳಿಗೆಯ ಮೇಲೆ ಇಳಿಜಾರು ಚಾವಣಿಯ ಕೆಳಗಿತ್ತು, ಒಳಗಿನಿಂದ ಚಿಲಕ, ಹೊರಗಿನಿಂದ ಬೀಗ. ಕೀಲಿಕೈ ನನಗೆ ಕೊಡುವಾಗ ಮನೆಯಾಕೆ ಮಕ್ಕಳನ್ನು ಕರೆದು ಎದುರಿಗೆ ನಿಲ್ಲಿಸಿ, "ಈ ಬಾಗಿಲು ತಟ್ಟದೆ ಯಾರೂ ತೆಗೆಯಬಾರದು, ನಾವೂ ಸಹ" ಎಂದರು. ಸೇಫ್ ಇದೆಯಾ ಎಂದು ಕೇಳಿದವರಿಗೆ ನಾನು ಮೊದಲು ಹೇಳುವುದು ಈ ಕೀಲಿಯ ವಿಚಾರ. ನಿಮ್ಮ ಮನೆಯಲ್ಲಿ ಅದು ಸಿಗುತ್ತದೆಯೇ ಎಂದು ಕಾಲ್‌ನಲ್ಲೇ ಕೇಳಿಬಿಡಿ.

ದಿನಚರಿ ಹೇಗಿರುತ್ತದೆ ಎಂದು ಕೇಳುತ್ತೀರಿ. ಬೆಳಿಗ್ಗೆ ಆರೂವರೆಗೆ ಅಡುಗೆಮನೆ. ಎರಡನೇ ಇಯತ್ತೆಯ ಮಗಳಿಗೂ ಕಿಂಡರ್‌ಗಾರ್ಟನ್‌ನ ಮಗನಿಗೂ ಒಂದೊಂದು ವೆಸ್ಪರ್ ಡಬ್ಬಿ, ಅಂದರೆ ನಡುಹೊತ್ತಿನ ತಿಂಡಿಯ ಡಬ್ಬಿ, ತುಂಬಬೇಕು. ಕಪ್ಪು ಬ್ರೆಡ್ಡಿನ ಎರಡು ಚೂರಿಗೆ ಅಂಚಿನವರೆಗೂ ಬೆಣ್ಣೆ ಸವರಿ, ಚೀಸ್ ಇಟ್ಟು, ಒತ್ತಿ, ಅಡ್ಡಕ್ಕೆ ಕೊಯ್ಯಬೇಕು. ಮಗಳಿಗೆ ಸೌತೆಕಾಯಿ ಉದ್ದಕ್ಕೆ ಹೆಚ್ಚಬೇಕು, ಮಗನಿಗೆ ಬಿಲ್ಲೆ ಬಿಲ್ಲೆಯಾಗಿ. ಅದಲುಬದಲಾದರೆ ಡಬ್ಬಿ ಹಾಗೇ ವಾಪಸ್ಸು. ಸೇಬು ಕೊಯ್ದು ಮತ್ತೆ ಜೋಡಿಸಿ ರಬ್ಬರ್ ಹಾಕಿದರೆ ಕಪ್ಪಾಗುವುದಿಲ್ಲ ಎಂದು ಕಲಿಸಿದ್ದು ಆ ಮಗಳೇ. ಆಮೇಲೆ ಚಿಕ್ಕವನಿಗೆ ಕೆಸರು ಪ್ಯಾಂಟು, ಅದರ ಪಟ್ಟಿಗಳನ್ನು ಬೂಟಿನ ಕೆಳಗೆ ಸಿಕ್ಕಿಸಿ, ಟೊಪ್ಪಿಗೆ ಕಟ್ಟಿ ಹೊರಡಿಸುವುದು. ಮಳೆ ಬಂದರೂ ಹಿಮ ಬಿದ್ದರೂ ಕಿಂಡರ್‌ಗಾರ್ಟನ್ ಮಕ್ಕಳನ್ನು ಹೊರಗೆ ಆಡಲು ಬಿಡುತ್ತಾರೆ. ನಮ್ಮಲ್ಲಿ ಜಿಟಿಜಿಟಿ ಮಳೆಗೇ ಸ್ವೆಟರ್ ಹಾಕಿ ಒಳಗೆ ಕೂರಿಸುತ್ತೇವೆ. ಮೊದಲು ಎದೆ ಢವಢವ ಎನ್ನುತ್ತಿತ್ತು, ಆಮೇಲೆ ಆ ಮಕ್ಕಳ ಗಟ್ಟಿತನ ನೋಡಿ ಮೆಚ್ಚಿಕೊಂಡೆ.

ಎಂಟೂವರೆಗೆ ಹಿಂತಿರುಗಿ ಪಾತ್ರೆ ಮಷಿನ್‌ಗೆ ಹಾಕುವುದು, ಮಕ್ಕಳ ಬಟ್ಟೆ ಮಡಚುವುದು, ಒಂಬತ್ತಕ್ಕೆ ನನ್ನ ಕೆಲಸ ನಿಂತಿತು. ಮತ್ತೆ ಮಧ್ಯಾಹ್ನ ಎರಡೂವರೆಗೆ ಶುರು, ಆರರೊಳಗೆ ನನ್ನ ಗಂಟೆಗಳು ಮುಗಿದವು. ಸಂಜೆ ಆರಕ್ಕೆ ಬ್ರೆಡ್ಡು, ಚೀಸು, ಹಸಿ ತರಕಾರಿಯ ತಣ್ಣನೆ ಊಟ, ಏಳೂವರೆಗೆ ಮಕ್ಕಳು ಹಾಸಿಗೆಗೆ. ನವೆಂಬರ್ 11ರ ಸಂತ ಮಾರ್ಟಿನ್ ದಿನಕ್ಕೆ ಮೂವರೂ ಕೂತು ಬಣ್ಣದ ಕಾಗದದ ಕಂದೀಲು ಮಾಡಿದೆವು. ನಮ್ಮ ದೀಪಾವಳಿಯ ಆಕಾಶಬುಟ್ಟಿ ಕಟ್ಟುವ ಕೈ ಅಲ್ಲಿ ನೆರವಿಗೆ ಬಂತು. ಕತ್ತಲಾದ ಮೇಲೆ ಊರಿನ ಮಕ್ಕಳೆಲ್ಲ ಕಂದೀಲು ಹಿಡಿದು ಹಾಡುತ್ತ ಮೆರವಣಿಗೆ ಹೊರಟಾಗ ಚಿಕ್ಕವನು ನನ್ನ ಕೈ ಬಿಡಲಿಲ್ಲ. ಅಲ್ಲಿಯ ತಾಯಂದಿರ ಜೊತೆ ನಾಲ್ಕು ಮಾತು ನಿರಾತಂಕವಾಗಿ ಆಡಿದ್ದು ಅದೇ ಮೊದಲು.

ಮಡಗಾಸ್ಕರ್ ಹುಡುಗಿ ಹೇಳಿದ ವಾರಗಳು ಚಳಿಗಾಲದಲ್ಲಿ ಬಂದವು. ಮನೆಯ ಯಜಮಾನರು ಕೆಲಸದ ಮೇಲೆ ಊರೂರು ತಿರುಗತೊಡಗಿದರು, ಮನೆಯಾಕೆಯ ಆಫೀಸಿನಲ್ಲೂ ವರ್ಷದ ಕೊನೆಯ ಒತ್ತಡ. "ಇವತ್ತೊಂದಿನ ಆರರ ತನಕ ಇರ್ತೀಯಾ", "ಶನಿವಾರ ಒಂದೆರಡು ತಾಸು ಅಷ್ಟೇ." ಪ್ರತಿಯೊಂದೂ ಚಿಕ್ಕ ಕೋರಿಕೆ, ಪ್ರತಿಯೊಂದನ್ನೂ ಪ್ರೀತಿಯಿಂದಲೇ ಕೇಳಿದ್ದು. ಆದರೆ ನನ್ನ ನೋಟ್‌ಬುಕ್ಕಿನಲ್ಲಿ ಆ ವಾರದ ಮೊತ್ತ 41 ಗಂಟೆ. ಸಂಜೆಯ ಭಾಷಾ ಕ್ಲಾಸು ತಪ್ಪಿಹೋಯಿತು. ನನಗೆ ನೋವಾದದ್ದು ಕ್ಲಾಸಿಗೆ. ಏಕೆಂದರೆ ನಾನು ಅಲ್ಲಿಗೆ ಹೋದದ್ದೇ ಅದಕ್ಕೆ.

ಭಾನುವಾರ ಮಕ್ಕಳು ಮಲಗಿದ ಮೇಲೆ ಮಾತಾಡಬೇಕು ಎಂದೆ. ಫ್ರಿಜ್ ಬಾಗಿಲ ಮೇಲಿನ ವೇಳಾಪಟ್ಟಿಯ ಹಾಳೆ ಕಿತ್ತು ಮೇಜಿನ ಮೇಲೆ ಇಟ್ಟು, ಪಕ್ಕದಲ್ಲಿ ನನ್ನ ನೋಟ್‌ಬುಕ್ ತೆರೆದಿಟ್ಟೆ. ನನ್ನ ಜರ್ಮನ್ ಆಗಿನ್ನೂ ಎಳಸು, ವಾದ ಮಾಡುವಷ್ಟು ಇರಲಿಲ್ಲ. ಆದರೆ ಹಸಿರು ಚೌಕಗಳನ್ನು ಯಾರು ಬೇಕಾದರೂ ಎಣಿಸಬಹುದು. ಆಕೆ ಬೆರಳಿಟ್ಟು ಎಣಿಸಿದರು, ಮತ್ತೊಮ್ಮೆ ಎಣಿಸಿದರು, ಮುಖ ಕೆಂಪಾಯಿತು. "ನನಗೆ ಇದು ಕಾಣಲೇ ಇಲ್ಲ" ಎಂದರು. ಮುಂದಿನ ವಾರ ಎರಡು ದಿನ ನನಗೆ ಪೂರ್ತಿ ಬಿಡುವು ಕೊಟ್ಟು ಸರಿದೂಗಿಸಿದರು. ಕ್ಲಾಸಿನ ಸಂಜೆಗೆ ಪಕ್ಕದ ಬೀದಿಯ ಕಾಲೇಜು ಹುಡುಗಿಯೊಬ್ಬಳನ್ನು ದುಡ್ಡು ಕೊಟ್ಟು ಗೊತ್ತುಮಾಡಿದರು. ಆ ಹಾಳೆ ಇಲ್ಲದಿದ್ದರೆ ಇದೇ ಮಾತು ದೂರಾಗುತ್ತಿತ್ತು, ಜಗಳವಾಗುತ್ತಿತ್ತು, ಅಥವಾ ನಾನು ಒಳಗೊಳಗೇ ಕುದಿಯುತ್ತಿದ್ದೆ. "ಅನ್ನ ಹಾಕಿದ ಮನೆಯಲ್ಲಿ ಗಂಟೆ ಲೆಕ್ಕ ಕೇಳುವುದೇ?" ಎಂಬ ಸಂಕೋಚ ನಮ್ಮ ಹುಡುಗಿಯರಲ್ಲಿ ಬಹಳ. ಬಿಡಿ ಅದನ್ನು. ಅಲ್ಲಿಯವರಿಗೆ ಲೆಕ್ಕ ಕೇಳುವುದು ಅಪಚಾರವಲ್ಲ, ಕೇಳದೆ ಮುಖ ಊದಿಸಿಕೊಂಡು ಓಡಾಡುವುದೇ ಅವರಿಗೆ ಅರ್ಥವಾಗದ ನಡವಳಿಕೆ. ಮನೆಗೆ ಅರ್ಧ ಅಂಕ ಕಳೆದದ್ದು ಆ ವಾರಗಳಿಗಾಗಿ. ನಾಲ್ಕೂವರೆ ಕೊಟ್ಟದ್ದು ಅವರು ಅದನ್ನು ತಿದ್ದಿಕೊಂಡ ರೀತಿಗಾಗಿ.

ಎಲ್ಲರಿಗೂ ಇಂಥ ಮನೆ ಸಿಗುವುದಿಲ್ಲ. ನನ್ನ ಕ್ಲಾಸಿನಲ್ಲಿದ್ದ ಜಾರ್ಜಿಯಾ ದೇಶದ ಹುಡುಗಿಯನ್ನು ಅವಳ ಮನೆಯವರು ಹಾಸಿಗೆ ಹಿಡಿದ ಅಜ್ಜಿಯ ಸೇವೆಗೆ ಹಚ್ಚಿದ್ದರು, ಮೇಲೆ ಗಂಡನ ಆಫೀಸು ಗುಡಿಸುವುದು ಬೇರೆ. ಎರಡೂ ನಿಯಮಕ್ಕೆ ವಿರುದ್ಧ. ಅವಳ ಕರಾರಿನಲ್ಲಿ ಎರಡು ವಾರ ಮೊದಲೇ ತಿಳಿಸಿ ಬಿಡಬಹುದು ಎಂದಿತ್ತು. ತಿಳಿಸಿದಳು, ಏಜೆನ್ಸಿ ಮೂಲಕ ಬೇರೆ ಮನೆ ಹುಡುಕಿದಳು, ವಿದೇಶಿಯರ ಕಚೇರಿಗೂ ಹೇಳಿದಳು. ಉಳಿದ ತಿಂಗಳುಗಳನ್ನು ರಾಯಿಟ್ಲಿಂಗೆನ್‌ನ ಒಂದು ಒಳ್ಳೆಯ ಮನೆಯಲ್ಲಿ ಕಳೆದಳು. ಮನೆ ಬದಲಿಸಿದರೆ ವಾಪಸ್ ಕಳಿಸಿಬಿಡುತ್ತಾರೆ ಎಂಬ ಹೆದರಿಕೆಯಿಂದಲೇ ಅವಳು ಅಷ್ಟು ದಿನ ತಡೆದುಕೊಂಡಿದ್ದಳು. ಇನ್ ವಿಯಾ ಎಂಬ ಕ್ಯಾಥೊಲಿಕ್ ಸಂಸ್ಥೆ, ವಿಐಜೆ ಎಂಬ ಪ್ರಾಟೆಸ್ಟೆಂಟ್ ಸಂಸ್ಥೆ ಬಹುಕಾಲದಿಂದ ಓ ಪೇರ್‌ಗಳಿಗೆ ಸಲಹೆ ಕೊಡುತ್ತ ಬಂದಿವೆ. ಯಾವ ಧರ್ಮದವರಾದರೂ ಹೋಗಬಹುದು. ಹೊರಡುವ ಮೊದಲೇ ಹತ್ತಿರದ ಕಚೇರಿಯ ನಂಬರು ಬರೆದಿಟ್ಟುಕೊಳ್ಳಿ.

ಊಟದ ಬಗ್ಗೆ ಎರಡು ಮಾತು. ನಾನು ಸಸ್ಯಾಹಾರಿ. ಪ್ರೊಫೈಲ್‌ನಲ್ಲೇ ಬರೆದಿದ್ದೆ, ಕಾಲ್‌ನಲ್ಲಿ ಮತ್ತೆ ಹೇಳಿದ್ದೆ. ಮೊಟ್ಟೆ ಮುಟ್ಟುತ್ತೀಯಾ, ಮಕ್ಕಳಿಗೆ ಮಾಂಸ ಬಿಸಿ ಮಾಡಿಕೊಡುತ್ತೀಯಾ ಎಂದು ಅವರೇ ಕೇಳಿದರು, ನಾನು ನನ್ನ ಗಡಿ ಹೇಳಿದೆ, ಮುಗಿಯಿತು. ಆ ಸೀಮೆಯ ಶ್ವೇಬಿಷ್ ಅಡುಗೆಯಲ್ಲಿ ನನಗೆ ಒಗ್ಗಿದ್ದು ಚೀಸ್ ಹಾಕಿದ ಷ್ಪೆಟ್ಸ್‌ಲೆ ಎಂಬ ದಪ್ಪ ಶಾವಿಗೆ, ಬೆಣ್ಣೆ ಸವರಿದ ಬ್ರೆಟ್ಸೆಲ್ ಎಂಬ ಗಂಟು ಹಾಕಿದ ಬ್ರೆಡ್ಡು. ಷ್ಪೆಟ್ಸ್‌ಲೆ ಜೊತೆ ಬೇಳೆಯನ್ನೂ ಬೇಯಿಸುತ್ತಾರೆ, ನನಗೆ ಸಾಸೇಜ್ ಬಿಟ್ಟು ಬಡಿಸುತ್ತಿದ್ದರು. ಅವ್ವ ಕಟ್ಟಿಕೊಟ್ಟ ಶೇಂಗಾ ಚಟ್ನಿಪುಡಿಯನ್ನು ಆ ಬೇಳೆಗೆ ಉದುರಿಸಿಕೊಂಡು ತಿನ್ನುವಾಗ ಮನೆಯಾಕೆ ರುಚಿ ನೋಡಿದರು. ಬ್ಯಾಡಗಿ ಮೆಣಸಿನಕಾಯಿಯ ಬಣ್ಣ ನೋಡಿ ಹೆದರಿದ್ದರು, ಖಾರ ಕಡಿಮೆ ಎಂದು ಗೊತ್ತಾದ ಮೇಲೆ ಬಾಟಲಿ ಮೇಜಿನ ಮೇಲೇ ಉಳಿಯಿತು.

ಭಾಷಾ ಕ್ಲಾಸು ಟ್ಯೂಬಿಂಗೆನ್‌ನ ಫೋಲ್ಕ್ಸ್‌ಹೊಖ್‌ಶೂಲೆಯಲ್ಲಿ. ಊರೂರಿನಲ್ಲೂ ಇರುವ ಸಾರ್ವಜನಿಕ ಕಲಿಕೆಯ ಶಾಲೆ ಅದು, ಅಡುಗೆಯಿಂದ ಹಿಡಿದು ಕಂಪ್ಯೂಟರ್‌ವರೆಗೆ ಕಲಿಸುತ್ತಾರೆ. ನಮ್ಮ ಟೀಚರ್ ಒಂದೇ ಒಂದು ಇಂಗ್ಲಿಷ್ ಪದ ಬಳಸದೆ, ಕೈಸನ್ನೆ, ಚಿತ್ರ, ಮುಖಭಾವದಲ್ಲೇ ವ್ಯಾಕರಣ ತಲೆಗೆ ಇಳಿಸಿದರು. ಕೊಲಂಬಿಯಾ, ಜಾರ್ಜಿಯಾ, ಕೀನ್ಯಾ, ಸಿರಿಯಾದವರೆಲ್ಲ ಒಂದೇ ಬೆಂಚಿನಲ್ಲಿ ಕೂತಿದ್ದೆವು. ನಮ್ಮ ನಡುವೆ ಬೇರೆ ಭಾಷೆಯೇ ಇಲ್ಲದ್ದರಿಂದ ಹರಟೆಯೂ ಜರ್ಮನ್‌ನಲ್ಲೇ ಆಗಬೇಕು. ಎ1ರಲ್ಲಿ ಹೋದವಳು ಬಿ1 ಪಾಸಾಗಿ ಹೊರಬಂದದ್ದು ಈ ಕ್ಲಾಸು ಮತ್ತು ಆ ಇಬ್ಬರು ಮಕ್ಕಳ ದಯೆಯಿಂದ. ಮಕ್ಕಳು ನಮ್ಮ ತಪ್ಪನ್ನು ಅಲ್ಲೇ ತಿದ್ದುತ್ತಾರೆ, ಮನಸ್ಸಿನಲ್ಲಿ ಏನನ್ನೂ ಇಟ್ಟುಕೊಳ್ಳುವುದಿಲ್ಲ. 70 ಯೂರೊ ನಿಮ್ಮ ಹಕ್ಕು, ಕ್ಲಾಸಿನ ದಿನಗಳನ್ನು ವೇಳಾಪಟ್ಟಿಯಲ್ಲಿ ಮೊದಲು ಬರೆಸಿ, ಕೆಲಸದ ಗಂಟೆಗಳನ್ನು ಆಮೇಲೆ. ಈ ಊರಿಗೂ ನಮಗೂ ಒಂದು ನಂಟಿದೆ. ಕನ್ನಡದ ದೊಡ್ಡ ನಿಘಂಟು ಮಾಡಿಕೊಟ್ಟ ಕಿಟೆಲ್ 1903ರಲ್ಲಿ ತೀರಿಕೊಂಡದ್ದು ಇದೇ ಟ್ಯೂಬಿಂಗೆನ್‌ನಲ್ಲಿ. ಕ್ಲಾಸು ಮುಗಿಸಿ ನೆಕ್ಕರ್ ನದಿಯ ಸೇತುವೆ ದಾಟುವಾಗ, ಯುರೋಪಿನಿಂದ ಧಾರವಾಡದ ಬಿಸಿಲಿಗೆ ಬಂದು ನಮ್ಮ ಭಾಷೆ ಕಲಿತವರನ್ನು ನೆನೆದು ನನಗೆ ಧೈರ್ಯ ಬರುತ್ತಿತ್ತು.

ಹೊರಡುವ ಮೊದಲು ಏನು ಖರ್ಚಾಗುತ್ತದೆ ಎಂದರೆ ಭಾಷೆಯ ಕೋರ್ಸು, ಪರೀಕ್ಷೆಯ ಶುಲ್ಕ, ವೀಸಾ, ವಿಮಾನದ ಟಿಕೆಟ್. ಸಾಮಾನ್ಯವಾಗಿ ಟಿಕೆಟ್ ನಮ್ಮದೇ, ಕೆಲವು ಮನೆಯವರು ಅರ್ಧ ಕೊಡುತ್ತಾರೆ, ಕೇಳಿ ನೋಡಿ. ದಪ್ಪ ಕೋಟು ಇಲ್ಲಿಂದ ಹೊತ್ತುಕೊಂಡು ಹೋಗಬೇಡಿ. ಅಲ್ಲಿಯ ಹಳೆ ಸಾಮಾನಿನ ಸಂತೆಯಲ್ಲಿ ಅಲ್ಲಿಯ ಚಳಿಗೇ ಹೊಲಿದದ್ದು ಅಗ್ಗಕ್ಕೆ ಸಿಗುತ್ತದೆ. ಭಾನುವಾರ ಅಂಗಡಿ ಮುಚ್ಚಿರುತ್ತವೆ, ಬೇಕಾದದ್ದನ್ನು ಶನಿವಾರವೇ ತಂದಿಟ್ಟುಕೊಳ್ಳಿ.

ವರ್ಷ ಮುಗಿಯುವ ಮುನ್ನವೇ ಮುಂದಿನದನ್ನು ಯೋಚಿಸಬೇಕಾಗುತ್ತದೆ. ನನ್ನ ಹಾಗೆ ಎಷ್ಟೋ ಜನ ಎಫ್ಎಸ್‌ಜೆ ಎಂಬ ಸ್ವಯಂಸೇವೆಯ ವರ್ಷಕ್ಕೆ ಹೋಗುತ್ತಾರೆ, ಕೆಲವರು ನೇರವಾಗಿ ಆಉಸ್‌ಬಿಲ್ಡುಂಗ್‌ಗೆ ಸೇರುತ್ತಾರೆ. ಅದು ಕಲಿಯುತ್ತಲೇ ಸಂಬಳ ಸಿಗುವ ವೃತ್ತಿ ತರಬೇತಿ. ನರ್ಸಿಂಗ್‌ಗೂ ಮಕ್ಕಳ ಶಿಕ್ಷಣಕ್ಕೂ ಅಲ್ಲಿ ಬೇಡಿಕೆ ಇದೆ, ಆದರೆ ಭಾಷೆ ಬಿ1, ಬಹಳ ಕಡೆ ಬಿ2 ಬೇಕೇ ಬೇಕು. ನಾನೀಗ ಒಂದು ಕಿಂಡರ್‌ಗಾರ್ಟನ್‌ನಲ್ಲಿ ಸ್ವಯಂಸೇವಕಿ. "ಮುಸುರಿ ತಿಕ್ಕಾಕ" ಎಂದಿದ್ದ ದೊಡ್ಡಪ್ಪ ಈಗ ತಮ್ಮ ಮೊಮ್ಮಗಳನ್ನು ಎ1 ಕ್ಲಾಸಿಗೆ ಸೇರಿಸಿದ್ದಾರೆ. ಅವಳಿಗೆ ನಾನು ಮೊದಲು ಕಳಿಸಿದ್ದು ನಮ್ಮ ಫ್ರಿಜ್ ಹಾಳೆಯ ಫೋಟೊ.

ಅಲ್ಲಿಯ ಶಾಲೆಗಳು ರಾಜ್ಯಕ್ಕೆ ತಕ್ಕಂತೆ ಆಗಸ್ಟ್-ಸೆಪ್ಟೆಂಬರ್‌ನಲ್ಲಿ ಶುರುವಾಗುವುದರಿಂದ ಬಹಳಷ್ಟು ಕುಟುಂಬಗಳು ಆ ಹೊತ್ತಿಗೆ ಓ ಪೇರ್ ಬೇಕೆಂದು ವಸಂತದಿಂದಲೇ ಹುಡುಕುತ್ತವೆ. ಎ1 ಪರೀಕ್ಷೆಯನ್ನು ಜನವರಿ-ಫೆಬ್ರುವರಿಗೆ ಮುಗಿಸಿ, ಮಾರ್ಚ್ ಒಳಗೆ ಪ್ರೊಫೈಲ್ ಸಿದ್ಧವಾಗಿರಲಿ. ಕರಾರು ಕೈಗೆ ಬಂದ ದಿನವೇ ವೀಸಾ ಅಪಾಯಿಂಟ್‌ಮೆಂಟ್ ಹಿಡಿಯಿರಿ, ಅದು ಸಿಗುವುದೇ ತಡ. ಕರಾರಿನಲ್ಲಿ ಗಂಟೆ, ರಜೆ, ಕ್ಲಾಸಿನ ಹಣ, ವಿಮೆ, ಬಿಡುವ ಅವಧಿ ಈ ಐದೂ ಇದೆಯೇ ನೋಡಿ. ಅರ್ಥವಾಗದ ಸಾಲಿದ್ದರೆ ನನಗೆ ಕಳಿಸಿ, ಭಾನುವಾರ ಬಿಡುವಿರುತ್ತದೆ, ಓದಿ ಹೇಳುತ್ತೇನೆ.